ಚಳಿಯ ಹಸಿವು, ಸುಗ್ಗಿಯ ಊಟ

ಮಾರ್ಗಶಿರ ಕಾಲಿಟ್ಟಿತೆಂದರೆ ಚನ್ನರಾಯಪಟ್ಟಣದ ಸಂತೆಯ ಬಣ್ಣವೇ ಬದಲಾಗುತ್ತದೆ. ಗೋಣಿಚೀಲಗಳಿಂದ ಸುರಿದ ಸೊಗಡವರೆಯ ರಾಶಿಯ ವಾಸನೆ ದಾರಿಹೋಕರನ್ನು ತಡೆದು ನಿಲ್ಲಿಸುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಈ ಬಯಲಿನಲ್ಲಿ ಇರುಳಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುವ ಹೊತ್ತಿಗೆ ಹೊಲದ ರಾಗಿ ಮನೆ ಸೇರಿರುತ್ತದೆ, ಗಾಣದ ಬೆಲ್ಲ ಅಂಗಡಿಗೆ ಬಂದಿರುತ್ತದೆ. ಮನೆಮಂದಿಯೆಲ್ಲ ಬಿಸಿ ಸಾರಿನ ಸುತ್ತ ಕುಳಿತಾಗ ದಿನನಿತ್ಯ ಒಂದು ಮುದ್ದೆಗೆ ಕೈ ತೊಳೆಯುವವರೂ ಇನ್ನರ್ಧ ಕೇಳುತ್ತಾರೆ. ಸಂಕ್ರಾಂತಿ ಕಳೆದು ರಥಸಪ್ತಮಿ ಬರುವ ಹೊತ್ತಿಗೆ ಹಲವರಿಗೆ ತಮ್ಮ ಅಂಗಿಯ ಗುಂಡಿ ಬಿಗಿಯಾಗಿರುವುದು ಗೊತ್ತಾಗುತ್ತದೆ.

ಚಳಿಗಾಲದಲ್ಲಿ ಹಸಿವು ಹೆಚ್ಚುವುದು ನಿಜವೇ ಅಥವಾ ಅದು ನಾಲಗೆಯ ನೆಪವೇ? ಹೆಚ್ಚಾದ ತೂಕ ಬೇಸಿಗೆಯಲ್ಲಿ ತಾನಾಗಿಯೇ ಇಳಿಯುತ್ತದೆಯೇ? ಹಿರಿಯರು ಇದನ್ನೇ ತಿಂದರೂ ಅವರಿಗೆ ಬಾರದ ಬೊಜ್ಜು ಮಕ್ಕಳಿಗೆ, ಮೊಮ್ಮಕ್ಕಳಿಗೆ ಏಕೆ ಬರುತ್ತಿದೆ? ಇಂದಿನ ವೈದ್ಯರು ಕೇಳುವ ಈ ಪ್ರಶ್ನೆಗಳಿಗೆ ಉತ್ತರದ ಒಂದು ಭಾಗ ಪ್ರಯೋಗಾಲಯದಲ್ಲಿದೆ. ಇನ್ನೊಂದು ಭಾಗ ಈ ಸೀಮೆಯ ಹೊಲ, ಕಣ ಮತ್ತು ಬೆಟ್ಟಗಳಲ್ಲಿದೆ.

ಜಠರಾಗ್ನಿಯ ವಾದ

ಚಳಿಗೂ ಹಸಿವಿಗೂ ಇರುವ ನಂಟನ್ನು ನಮ್ಮ ವೈದ್ಯಗ್ರಂಥಗಳು ಬಹಳ ಹಿಂದೆಯೇ ಗುರುತಿಸಿವೆ. ಚರಕ ಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯ ಋತುಚರ್ಯೆಗೆ ಮೀಸಲು. ಹೊರಗಿನ ತಣ್ಣನೆಯ ಗಾಳಿಯಿಂದಾಗಿ ದೇಹದ ಶಾಖ ಒಳಗೇ ಕಟ್ಟಿಬಿದ್ದು ಹೇಮಂತ ಋತುವಿನಲ್ಲಿ ಜಠರಾಗ್ನಿ ಪ್ರಬಲವಾಗುತ್ತದೆ, ಆಗ ಅದು ಜಡವಾದ ಆಹಾರವನ್ನೂ ಅರಗಿಸಬಲ್ಲದು, ಉರುವಲು ಸಿಗದಿದ್ದರೆ ದೇಹದ ಸಾರವನ್ನೇ ಹೀರುತ್ತದೆ ಎಂಬುದು ಅಲ್ಲಿನ ವಾದ. ಹಾಲು, ಬೆಲ್ಲ, ಜಿಡ್ಡು, ಹೊಸ ಅಕ್ಕಿ, ಬಿಸಿನೀರು ಈ ಕಾಲಕ್ಕೆ ಹಿತವೆಂದು ಚರಕ ಹೇಳುತ್ತಾನೆ. ಅಷ್ಟಾಂಗಹೃದಯ ಬರೆದ ವಾಗ್ಭಟ ಇನ್ನೊಂದು ಕಾರಣ ಕೊಡುತ್ತಾನೆ. ಇರುಳು ದೀರ್ಘವಾದುದರಿಂದ ಬೆಳಗಾಗುತ್ತಲೇ ಹಸಿವಾಗುತ್ತದೆ ಎಂಬುದು ಆತನ ಮಾತು.

ಧನುರ್ಮಾಸದಲ್ಲಿ ಸೂರ್ಯೋದಯಕ್ಕೆ ಮೊದಲೇ ದೇವಸ್ಥಾನಗಳಲ್ಲಿ ಹುಗ್ಗಿ ನೈವೇದ್ಯವಾಗುವ ಪದ್ಧತಿ ಎಲ್ಲರಿಗೂ ಗೊತ್ತು. ಹೆಸರುಬೇಳೆ, ಅಕ್ಕಿ, ಮೆಣಸು, ಶುಂಠಿ, ತುಪ್ಪ ಸೇರಿದ ಈ ಬಿಸಿ ಪ್ರಸಾದ ಭಕ್ತರ ಕೈಗೆ ಬರುವುದು ವಾಗ್ಭಟ ಹೇಳಿದ ಆ ಬೆಳಗಿನ ಹಸಿವಿನ ವೇಳೆಗೇ. ಶಾಸ್ತ್ರವನ್ನು ನೋಡಿ ಆಚಾರ ಹುಟ್ಟಿತೋ, ಹಸಿವನ್ನು ನೋಡಿ ಎರಡೂ ಹುಟ್ಟಿದವೋ ಎಂಬ ಚರ್ಚೆಯನ್ನು ಪಂಡಿತರಿಗೆ ಬಿಡಬಹುದು. ಆದರೆ ಒಂದು ಅಂಶ ಗಮನಾರ್ಹ. ಜಿಡ್ಡು ತಿನ್ನಿ ಎಂದ ಅದೇ ವಾಗ್ಭಟ ಚಳಿಗಾಲದಲ್ಲಿ ಎಣ್ಣೆ ತಿಕ್ಕಿಸಿಕೊಳ್ಳಿ, ಕುಸ್ತಿ ಮಾಡಿ, ಬಲವಿದ್ದವರು ಅರ್ಧ ಶಕ್ತಿ ವ್ಯಯವಾಗುವಷ್ಟು ವ್ಯಾಯಾಮ ಮಾಡಿ ಎಂದೂ ವಿಧಿಸಿದ್ದಾನೆ. ಜಿಡ್ಡಿನೂಟ ಮತ್ತು ಗರಡಿ ಮನೆ ಅಲ್ಲಿ ಜೊತೆಜೊತೆಗೇ ಇವೆ. ಮೊದಲಿನದನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟದ್ದು ಓದಿದವರ ಜಾಣತನ.

ವಿಜ್ಞಾನದ ಉತ್ತರ

ಆಧುನಿಕ ಶರೀರಶಾಸ್ತ್ರದ ಭಾಷೆ ಬೇರೆ. ಮನುಷ್ಯನ ಒಳಗಿನ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರಬೇಕು. ಹೊರಗೆ ತಣ್ಣಗಾದಾಗ ಚರ್ಮದ ರಕ್ತನಾಳಗಳು ಮೊದಲು ಕುಗ್ಗುತ್ತವೆ. ಅದೂ ಸಾಲದಾದರೆ ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಇದಲ್ಲದೆ ಕಂದು ಕೊಬ್ಬು ಎಂಬ ವಿಶೇಷ ಅಂಗಾಂಶವೊಂದಿದೆ. ಸಾಮಾನ್ಯ ಕೊಬ್ಬು ಶಕ್ತಿಯನ್ನು ಕೂಡಿಟ್ಟರೆ ಇದು ಶಕ್ತಿಯನ್ನು ಸುಟ್ಟು ಶಾಖ ಕೊಡುತ್ತದೆ. ಇದು ಹಸುಗೂಸುಗಳಲ್ಲಿ ಮಾತ್ರ ಮುಖ್ಯವೆಂದು ಬಹುಕಾಲ ನಂಬಲಾಗಿತ್ತು. ವಯಸ್ಕರ ಕುತ್ತಿಗೆ ಮತ್ತು ಭುಜದ ಭಾಗದಲ್ಲೂ ಅದು ಕೆಲಸ ಮಾಡುತ್ತದೆ ಎಂಬುದನ್ನು 2009ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿಕೊಟ್ಟವು. ಊಟ ಮಾಡುವುದರಿಂದಲೂ ಶಾಖ ಹುಟ್ಟುತ್ತದೆ. ತಿಂದ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಅರಗಿಸುವ ಕೆಲಸಕ್ಕೇ ಖರ್ಚಾಗುತ್ತದೆ. ಉಂಡ ಮೇಲೆ ಮೈ ಬೆಚ್ಚಗಾಗುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಚಳಿಗಾಲದಲ್ಲಿ ತೂಕ ಇಳಿಯಬೇಕಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಸ್ವೆಟರ್ ತೊಟ್ಟು, ಕಂಬಳಿ ಹೊದ್ದು, ಬಾಗಿಲು ಮುಚ್ಚಿದ ಮನೆಯಲ್ಲಿ ಕುಳಿತವನ ಮಟ್ಟಿಗೆ ನಮ್ಮ ಸೀಮೆಯ ಚಳಿ ದೊಡ್ಡ ಖರ್ಚೇನಲ್ಲ. ಶಾಖಕ್ಕಾಗಿ ವ್ಯಯವಾಗುವ ಹೆಚ್ಚುವರಿ ಶಕ್ತಿ ಅಲ್ಪ, ತಟ್ಟೆಗೆ ಬೀಳುವ ಹೆಚ್ಚುವರಿ ಅನ್ನವೇ ಅಧಿಕ. ಇದರ ಜೊತೆಗೆ ಹಗಲು ಗಿಡ್ಡವಾಗಿ ಓಡಾಟ ಕಡಿಮೆಯಾಗುತ್ತದೆ. ಬಾಯಾರಿಕೆ ತಗ್ಗಿ ನೀರು ಕುಡಿಯುವುದು ಮರೆಯುತ್ತದೆ. ಕರಿದ ತಿಂಡಿ, ಸಕ್ಕರೆ ಹಾಕಿದ ಕಾಫಿ-ಟೀ ಹೆಚ್ಚುತ್ತವೆ. ಚಳಿಗಾಲ ಕಠೋರವಾಗಿರುವ ದೇಶಗಳಲ್ಲಿ ಬಿಸಿಲಿನ ಕೊರತೆಯಿಂದ ಕೆಲವರು ಮಂಕಾಗಿ ಸಿಹಿ ಮತ್ತು ಪಿಷ್ಟ ಪದಾರ್ಥಗಳಿಗೆ ಹಾತೊರೆಯುವುದನ್ನು ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಕಾಯಿಲೆಯಾಗಿಯೇ ವರ್ಣಿಸಿದರು. ನಮ್ಮಲ್ಲಿ ಬಿಸಿಲಿಗೆ ಅಷ್ಟೊಂದು ಬರವಿಲ್ಲ. ಚನ್ನರಾಯಪಟ್ಟಣದಲ್ಲಿ ಜೂನ್ ತಿಂಗಳ ಹಗಲಿಗೂ ಡಿಸೆಂಬರ್ ತಿಂಗಳ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ.

ಸೊಗಡಿನ ಗುಟ್ಟು

ಆದರೆ ಆ ಒಂದೂವರೆ ಗಂಟೆಯ ಲೆಕ್ಕವನ್ನು ಮನುಷ್ಯನಿಗಿಂತ ಚೆನ್ನಾಗಿ ಇಟ್ಟುಕೊಂಡಿರುವುದು ಅವರೆ ಗಿಡ. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೂ ಹೂ ಬಿಡುವುದಿಲ್ಲ. ಮಳೆಗಾಲದಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ, ರಾಗಿ ಬೆಳೆದು ತೆನೆಗಟ್ಟುವವರೆಗೂ ಎಲೆ ಬಳ್ಳಿಯಲ್ಲೇ ಕಾಲ ಕಳೆಯುತ್ತದೆ. ರಾಗಿ ಕೊಯ್ಲಾಗಿ ಹೊಲ ಬಯಲಾದ ಮೇಲೆ ಇಬ್ಬನಿ ಕುಡಿದು ಕಾಯಿ ತುಂಬಿಕೊಳ್ಳುತ್ತದೆ. ಕಾಯಿಯ ಸಿಪ್ಪೆಯ ಮೇಲೆ ಒಸರುವ ಜಿಗುಟಾದ ಎಣ್ಣೆಯಂಥ ಪದಾರ್ಥವೇ ಸೊಗಡು. ಚಳಿ ಹೆಚ್ಚಿದಂತೆ ಸೊಗಡೂ ಹೆಚ್ಚು ಎಂಬುದು ರೈತರ ಅನುಭವ. ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷವಿಡೀ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಆದರೂ ಸೊಗಡವರೆಯ ಹೆಸರು ಕೇಳಿದರೆ ಬಾಯಲ್ಲಿ ನೀರೂರುವುದು ಚಳಿಗಾಲದಲ್ಲೇ.

ಒಣ ಅವರೆಯ 100 ಗ್ರಾಂನಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ರಾಗಿಯಲ್ಲಿ ಅದು 7 ಗ್ರಾಂ ಆಸುಪಾಸು. ರಾಗಿಯ ಪಿಷ್ಟಕ್ಕೆ ಅವರೆಯ ಸಸಾರಜನಕ ಸೇರಿದಾಗ ಊಟ ಸಮತೋಲನಕ್ಕೆ ಬರುತ್ತದೆ, ಹೊಟ್ಟೆ ಬಹಳ ಹೊತ್ತು ತುಂಬಿರುತ್ತದೆ. ಒಂದೇ ಹೊಲದಲ್ಲಿ ಜೊತೆಗೆ ಬೆಳೆದದ್ದು ಒಂದೇ ತಟ್ಟೆಯಲ್ಲಿ ಜೊತೆಯಾಗುವ ಈ ಏರ್ಪಾಡು ಹಳೆ ಮೈಸೂರು ಸೀಮೆಯ ರೈತರ ದೊಡ್ಡ ಸಾಧನೆ.

ಚಾತುರ್ಮಾಸ್ಯ ವ್ರತ ಹಿಡಿಯುವ ಮನೆಗಳ ಪಂಚಾಂಗವೂ ಇಲ್ಲಿ ಕುತೂಹಲಕರ. ಆಷಾಢದಿಂದ ಕಾರ್ತಿಕದವರೆಗೆ ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ದ್ವಿದಳ ಧಾನ್ಯಗಳನ್ನು ಬಿಡಬೇಕು. ಕೊನೆಯ ದ್ವಿದಳ ವ್ರತ ಮುಗಿಯುವುದು ಕಾರ್ತಿಕದಲ್ಲಿ, ಸಂತೆಗೆ ಅವರೆ ಬರುವುದು ಅದರ ಹಿಂದೆಯೇ.

ಮಳೆಗಾಲದ ಹಸಿವು

ಈ ಪಂಚಾಂಗವನ್ನು ಇನ್ನಷ್ಟು ಸೂಕ್ಷ್ಮವಾಗಿ ನೋಡಿದರೆ ಮುಖ್ಯವಾದ ಸಂಗತಿಯೊಂದು ಹೊಳೆಯುತ್ತದೆ. ಉಪವಾಸ, ವ್ರತಗಳು ಹೆಚ್ಚಾಗಿ ಮಳೆಗಾಲದಲ್ಲಿವೆ. ಶ್ರಾವಣದ ಸೋಮವಾರ, ಶನಿವಾರಗಳು, ಜೈನರ ಭಾದ್ರಪದದ ದಶಲಕ್ಷಣ ಪರ್ವ, ಯತಿಗಳ ಚಾತುರ್ಮಾಸ್ಯ ಎಲ್ಲವೂ ಆಗಲೇ. ಸುಗ್ಗಿಯ ಊಟಗಳು ಚಳಿಗಾಲದಲ್ಲಿವೆ. ಇದಕ್ಕೆ ಧಾರ್ಮಿಕ ಕಾರಣಗಳು ಏನೇ ಇರಲಿ, ಕಣಜದ ಕಾರಣವೂ ಒಂದಿತ್ತು. ಮಳೆಯಾಶ್ರಿತ ಸೀಮೆಯಲ್ಲಿ ಹಳೆಯ ಧಾನ್ಯ ತಳ ಕಾಣುವುದೂ, ಹೊಲದ ಕೆಲಸ ಅತಿ ಹೆಚ್ಚಾಗುವುದೂ ಅದೇ ಆಷಾಢ-ಭಾದ್ರಪದಗಳ ನಡುವೆ. ಬಡವನ ಮೈ ಆಗ ಇಳಿಯುತ್ತಿತ್ತು, ರಾಗಿ ಬಂದ ಮೇಲೆ ತುಂಬಿಕೊಳ್ಳುತ್ತಿತ್ತು.

ಇದು ಕೇವಲ ಊಹೆಯಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ದೇಶದ ಕೆನೆಬಾ ಎಂಬ ಹಳ್ಳಿಯಲ್ಲಿ ಬ್ರಿಟಿಷ್ ವೈದ್ಯ ಸಂಶೋಧಕರು ದಶಕಗಳ ಕಾಲ ಜನರ ತೂಕದ ದಾಖಲೆ ಇಟ್ಟಿದ್ದಾರೆ. ಮಳೆಗಾಲದಲ್ಲಿ ಹೆಂಗಸರ ತೂಕ ಇಳಿಯುವುದು, ಸುಗ್ಗಿಯ ನಂತರ ಮತ್ತೆ ಏರುವುದು ಅಲ್ಲಿ ವರ್ಷವರ್ಷವೂ ಕಂಡುಬಂದಿದೆ. ಮಳೆಯನ್ನೇ ನಂಬಿದ ಬೇಸಾಯದ ನಾಡುಗಳಲ್ಲೆಲ್ಲ ಇಂಥ ಏರಿಳಿತ ಸಾಮಾನ್ಯ. ಹಾಗೆ ನೋಡಿದರೆ ಚಳಿಗಾಲದ ಹಸಿವೆಂಬುದು ಮಳೆಗಾಲದ ಸಾಲವನ್ನು ತೀರಿಸುವ ಹಸಿವು.

ಮಳೆಯೇ ಕೈಕೊಟ್ಟ ವರ್ಷಗಳಲ್ಲಿ ಸಾಲ ತೀರಿಸುವ ಮಾತೇ ಇರುತ್ತಿರಲಿಲ್ಲ. 1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಕ್ಷಾಮವನ್ನು ಹಳೆ ಮೈಸೂರಿನ ಜನ ಧಾತು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50.55 ಲಕ್ಷ. 1881ರಲ್ಲಿ ಅದು 41.86 ಲಕ್ಷಕ್ಕೆ ಇಳಿದಿತ್ತು. ಅಂಥ ದಿನಗಳಲ್ಲಿ ಬದುಕಿಸಿದ್ದು ಹಗೇವು. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ರಾಗಿಗೆ ಹುಳು ಹಿಡಿಯುವುದು ಕಡಿಮೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಶ್ರೀರಾಮ ಭತ್ತ ಮತ್ತು ರಾಗಿ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಪರೀಕ್ಷಿಸಿದಾಗ ಗೆದ್ದುಬರುವುದು ಈ ಗುಣದಿಂದಾಗಿಯೇ.

ಊರಿಗೆ ಹಗೇವು ಹೇಗೋ ದೇಹಕ್ಕೆ ಕೊಬ್ಬು ಹಾಗೆ. ಸುಗ್ಗಿಯಲ್ಲಿ ತುಂಬಿ ಬರದಲ್ಲಿ ತೆಗೆಯುವ ಉಗ್ರಾಣವದು. ಬರಗಾಲಗಳನ್ನು ದಾಟಿಬಂದ ಮನುಷ್ಯಕುಲದಲ್ಲಿ ಕೊಬ್ಬನ್ನು ಬೇಗ ಕೂಡಿಡುವ ಗುಣ ಉಳಿದುಬಂದಿರಬಹುದು ಎಂದು ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ 1962ರಲ್ಲಿ ವಾದಿಸಿದ. ಈ ವಾದದ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತುಂಬುವುದೊಂದೇ ಇದ್ದು ತೆಗೆಯುವುದು ಇಲ್ಲವಾದರೆ ಯಾವ ಉಗ್ರಾಣವೂ ಉಕ್ಕುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ.

ಕಣದ ಬೆವರು, ಎಳ್ಳಿನ ಲೆಕ್ಕ

ಹಿಂದೆ ಸುಗ್ಗಿಯ ಊಟಕ್ಕೆ ಸುಗ್ಗಿಯ ದುಡಿಮೆಯೇ ಎದುರಾಳಿಯಾಗಿತ್ತು. ತೆನೆ ಕೊಯ್ದು, ಹೊರೆ ಕಟ್ಟಿ, ಮೆದೆ ಒಟ್ಟಿ, ಕಣ ಸಾರಿಸಿ, ರೋಣಗಲ್ಲು ಹೊಡೆದು, ತೂರಿ, ರಾಶಿ ಪೂಜೆ ಮಾಡುವವರೆಗೆ ಗಂಡಸರು ಹೆಂಗಸರೆನ್ನದೆ ವಾರಗಟ್ಟಲೆ ದುಡಿಯಬೇಕಿತ್ತು. ರಾತ್ರಿ ಕಣ ಕಾಯುವವನು ಬಯಲ ಚಳಿಯಲ್ಲೇ ಮಲಗುತ್ತಿದ್ದ. ಎರಡು ಮುದ್ದೆ ಉಂಡವನು ಅದನ್ನು ಮಾರನೆಯ ಮಧ್ಯಾಹ್ನದೊಳಗೆ ಕರಗಿಸಿಬಿಡುತ್ತಿದ್ದ. ಇಂದು ತೆನೆಯ ಮೇಲೆ ಟ್ರ್ಯಾಕ್ಟರ್ ಹರಿಯುತ್ತದೆ, ಕೆಲವೆಡೆ ಡಾಂಬರು ರಸ್ತೆಯೇ ಕಣವಾಗಿದೆ, ಕೊಯ್ಲಿಗೂ ಯಂತ್ರ ಬಂದಿದೆ. ಇದರಿಂದ ರೈತನ ಬೆನ್ನಿಗೆ ಬಿಡುವು ಸಿಕ್ಕಿದ್ದು ಒಳ್ಳೆಯದೇ. ಆದರೆ ಮುದ್ದೆಯ ಗಾತ್ರ ಮಾತ್ರ ರೋಣಗಲ್ಲಿನ ಕಾಲದ್ದೇ ಉಳಿದರೆ ಲೆಕ್ಕ ತಪ್ಪುತ್ತದೆ.

ಸಂಕ್ರಾಂತಿಯ ಎಳ್ಳು-ಬೆಲ್ಲವನ್ನೇ ತೆಗೆದುಕೊಳ್ಳಬಹುದು. ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂ ಎಳ್ಳಿನಲ್ಲಿ ಸುಮಾರು 560, ಕಡಲೆಕಾಯಿ ಬೀಜದಲ್ಲಿ 565, ಕೊಬ್ಬರಿಯಲ್ಲಿ 660, ಬೆಲ್ಲದಲ್ಲಿ 380, ಹುರಿಗಡಲೆಯಲ್ಲಿ 370 ಕ್ಯಾಲೊರಿ ಶಕ್ತಿಯಿದೆ. ಐದನ್ನೂ ಸಮವಾಗಿ ಬೆರೆಸಿದರೆ 100 ಗ್ರಾಂಗೆ 500ರ ಮೇಲಾಯಿತು. 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿರುವುದು ಸುಮಾರು 325. ಅಂದರೆ ಎಳ್ಳು ಬೀರಲು ಬಂದವರು ಕೊಟ್ಟ 50 ಗ್ರಾಂನ ಎರಡು ಪೊಟ್ಟಣಗಳನ್ನು ಟೀವಿಯ ಮುಂದೆ ಕುಳಿತು ಮುಗಿಸಿದವರು ಒಂದೂವರೆ ಮುದ್ದೆ ಉಂಡಂತೆ. ಅದನ್ನು ಕರಗಿಸಲು ಸಾಧಾರಣ ತೂಕದವರು ಸುಮಾರು ಎರಡೂವರೆ ಗಂಟೆ ಚುರುಕಾಗಿ ನಡೆಯಬೇಕು. ಕೊಬ್ಬರಿಗೆ ಹೆಸರಾದ ತಿಪಟೂರು ಪಕ್ಕದಲ್ಲೇ ಇದ್ದು, ತೆಂಗಿನ ತೋಟಗಳೇ ತುಂಬಿದ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಎಳ್ಳಿಗೆ ಬೆರೆಯುವ ಕೊಬ್ಬರಿಯೂ ಧಾರಾಳ ಎಂಬುದನ್ನು ಮರೆಯುವಂತಿಲ್ಲ.

ಹಾಗೆಂದು ಎಳ್ಳು ಕೆಟ್ಟದ್ದಲ್ಲ. ಅದರಲ್ಲಿ ಸುಣ್ಣದ ಅಂಶವಿದೆ, ಕಬ್ಬಿಣವಿದೆ, ಒಳ್ಳೆಯ ಎಣ್ಣೆಯಿದೆ. ಬೀರುವ ಪದ್ಧತಿಯಲ್ಲೇ ಅದರ ಪ್ರಮಾಣವೂ ಅಡಗಿದೆ. ಎಳ್ಳು ಇರುವುದು ಹಂಚಲಿಕ್ಕೆ, ಒಂದು ಹಿಡಿಯಷ್ಟು ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತಾಡಲಿಕ್ಕೆ.

ಬೆಟ್ಟದ ಮೇಲಿನ ಪಾಠ

ಚನ್ನರಾಯಪಟ್ಟಣದಿಂದ ಕೇವಲ 13 ಕಿಲೋಮೀಟರ್ ದೂರದಲ್ಲಿ, ಅದೇ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳವಿದೆ. ಊಟದ ವಿಚಾರದಲ್ಲಿ ಈ ಊರಿನ ಚರಿತ್ರೆ ಬೇರೆಯೇ ದಾರಿ ಹಿಡಿದಿದೆ. ಚಂದ್ರಗಿರಿಯ ಮೇಲಿರುವ ಸುಮಾರು ಕ್ರಿ.ಶ. 600ರ ಶಾಸನ, ಉಜ್ಜಯಿನಿಯಲ್ಲಿ ಭದ್ರಬಾಹು ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ನುಡಿದಾಗ ಮುನಿಸಂಘ ದಕ್ಷಿಣಕ್ಕೆ ಹೊರಟಿತೆಂದು ಹೇಳುತ್ತದೆ. ಚಂದ್ರಗುಪ್ತ ಮೌರ್ಯ ಭದ್ರಬಾಹುವಿನ ಜೊತೆಯಲ್ಲಿ ಬಂದನೆಂಬುದು ಜೈನ ಸಂಪ್ರದಾಯದ ನಂಬಿಕೆ. ಅಂತೂ ಬರಗಾಲದ ಕಥೆಯಿಂದಲೇ ಆರಂಭವಾಗುವ ಊರಿದು. ರಾಷ್ಟ್ರಕೂಟರ ನಾಲ್ಕನೆಯ ಇಂದ್ರ 982ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಇಲ್ಲಿಯೇ. ಹಾಗೆ ದೇಹತ್ಯಾಗ ಮಾಡಿದ ಮುನಿಗಳ, ಶ್ರಾವಕಿಯರ ನಿಸಿಧಿ ಶಾಸನಗಳು ಬೆಟ್ಟದ ಬಂಡೆಗಳ ಮೇಲೆ ಹಲವಾರಿವೆ.

ಸಲ್ಲೇಖನ ಬದುಕಿನ ಕೊನೆಗೆ ಸಂಬಂಧಿಸಿದ ಧಾರ್ಮಿಕ ವ್ರತ. ತೂಕ ಇಳಿಸುವವರು ಅದರಿಂದ ಕಲಿಯುವುದೇನೂ ಇಲ್ಲ, ಕಲಿಯಲೂಬಾರದು. ಆದರೆ ಜೈನ ಧರ್ಮ ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ನಿತ್ಯದ ಊಟಕ್ಕೆ ಸಂಬಂಧಿಸಿದ ಮತ್ತೊಂದು ಇದೆ. ಅದರ ಹೆಸರು ಅವಮೌದರ್ಯ, ಅಂದರೆ ಹೊಟ್ಟೆಯನ್ನು ಸ್ವಲ್ಪ ಕೊರೆಯಾಗಿ ಉಳಿಸುವುದು. ಗಂಡಸಿನ ಪೂರ್ಣ ಊಟಕ್ಕೆ 32 ತುತ್ತು, ಹೆಂಗಸಿಗೆ 28 ತುತ್ತು ಎಂದು ದಿಗಂಬರ ಆಚಾರಗ್ರಂಥಗಳು ಲೆಕ್ಕ ಹಾಕಿ, ಅದರಲ್ಲಿ ಒಂದೊಂದೇ ತುತ್ತು ಕಡಿಮೆ ಮಾಡುತ್ತ ಹೋಗುವುದನ್ನು ತಪಸ್ಸೆಂದು ಕರೆದಿವೆ. ಪೂರ್ತಿ ಉಪವಾಸ ಅನಶನ. ಅದು ಬೇರೆಯೇ ತಪಸ್ಸು. ರುಚಿ ಪದಾರ್ಥಗಳನ್ನು ಬಿಡುವುದು ರಸಪರಿತ್ಯಾಗ, ಅದೂ ಬೇರೆ. ತಟ್ಟೆ ಮುಂದಿರುವಾಗ, ಇನ್ನೂ ಹಸಿವಿರುವಾಗ ಕೈ ತೆಗೆಯುವುದು ಇವೆರಡಕ್ಕಿಂತ ಸುಲಭವಲ್ಲವೆಂದೇ ಅದಕ್ಕೆ ಪ್ರತ್ಯೇಕ ಹೆಸರು ಬಂದಿರಬೇಕು.

ಸೂರ್ಯಾಸ್ತದೊಳಗೆ ಊಟ ಮುಗಿಸುವ ಜೈನರ ಕ್ರಮವೂ ಇಲ್ಲಿ ಉಲ್ಲೇಖಾರ್ಹ. ಜೀವಹಿಂಸೆ ತಪ್ಪಿಸುವುದು ಅದರ ಉದ್ದೇಶ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಸುಮಾರಿಗೆ, ಹುಟ್ಟುವುದು ಬೆಳಿಗ್ಗೆ 6-40ರ ಸುಮಾರಿಗೆ. ಆ ಕ್ರಮ ಪಾಲಿಸಿದವರ ಹೊಟ್ಟೆಗೆ ಚಳಿಗಾಲದಲ್ಲಿ ಹನ್ನೆರಡೂವರೆ ಗಂಟೆಗೂ ಮೀರಿದ ವಿಶ್ರಾಂತಿ ಸಿಗುತ್ತದೆ. ಚಳಿಯ ಸಂಜೆಗಳಲ್ಲಿ ಬಜ್ಜಿ, ಬೋಂಡ, ಖಾರಸೇವೆಗಳು ತಟ್ಟೆಗೆ ಬರುವುದು ಆ ವೇಳೆಯಲ್ಲೇ ಅಲ್ಲವೆ!

ಇಳಿಯದ ತೂಕ

ಚಳಿಗಾಲದಲ್ಲಿ ಏರಿದ್ದು ಬೇಸಿಗೆಯಲ್ಲಿ ಇಳಿಯುತ್ತದೆ ಎಂಬ ನಂಬಿಕೆಗೆ ಆಧಾರವೆಷ್ಟು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 195 ವಯಸ್ಕರ ತೂಕವನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಹಬ್ಬದ ದಿನಗಳಲ್ಲಿ ಸರಾಸರಿ 370 ಗ್ರಾಂ ತೂಕ ಏರಿತ್ತು. ಅದೇನೂ ದೊಡ್ಡದಲ್ಲ. ಆದರೆ ಮುಂದಿನ ವಸಂತ, ಬೇಸಿಗೆಗಳಲ್ಲಿ ಅದು ಇಳಿದಿರಲಿಲ್ಲ ಎಂಬುದೇ ಅಧ್ಯಯನದ ಮುಖ್ಯ ತೀರ್ಮಾನ. ಅದೇ ದೇಶದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸುಮಾರು 600 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಜನ ವಸಂತಕ್ಕಿಂತ ಶರತ್ಕಾಲದಲ್ಲಿ ದಿನಕ್ಕೆ 86 ಕ್ಯಾಲೊರಿ ಹೆಚ್ಚಾಗಿ ತಿನ್ನುತ್ತಿದ್ದುದು ಕಂಡುಬಂತು. 86 ಕ್ಯಾಲೊರಿ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಚಿಕ್ಕ ಹಿಡಿ ಎಳ್ಳು-ಬೆಲ್ಲ ಅಥವಾ ಮುದ್ದೆಯ ಕಾಲು ಭಾಗ. ವರ್ಷಕ್ಕೆ ಅರ್ಧ ಕೆ.ಜಿ. ಉಳಿದರೂ 25ನೇ ವಯಸ್ಸಿನಿಂದ 45ರ ಹೊತ್ತಿಗೆ 10 ಕೆ.ಜಿ. ಆಯಿತು.

ಹಿರಿಯರಿಗೆ ಇದು ಬಾಧಿಸದಿದ್ದುದೇಕೆಂಬುದು ಈಗ ಸ್ಪಷ್ಟ. ಅವರ ವರ್ಷದಲ್ಲಿ ತೆಗೆಯುವ ಕಾಲವೊಂದಿತ್ತು. ಮಳೆಗಾಲದ ಹಸಿವು ಇಂದು ಹೆಚ್ಚಿನ ಮನೆಗಳಿಂದ ಹೋಗಿದೆ. ಹೇಮಾವತಿಯ ನೀರು, ಪಡಿತರ ಅಂಗಡಿ, 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿ ಇವೆಲ್ಲ ಅದನ್ನು ದೂರ ಮಾಡಿವೆ. ಅದು ಮರಳಿ ಬರಲೆಂದು ಯಾರೂ ಬಯಸಲಾರರು. ಆದರೆ ಹಸಿವಿನ ಕಾಲ ಹೋದ ಮೇಲೂ ಸುಗ್ಗಿಯ ಊಟ ಮುಂದುವರಿದಿದೆ, ವರ್ಷವಿಡೀ ಹರಡಿದೆ.

ಇದರ ಬೆಲೆ ಅಂಗಿಯ ಗುಂಡಿಗಷ್ಟೇ ಸೀಮಿತವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿದೆ. ವಯಸ್ಕರಲ್ಲಿ ಶೇ. 39.5 ಮಂದಿಗೆ ಹೊಟ್ಟೆಯ ಬೊಜ್ಜಿದೆ. ಭಾರತೀಯರಲ್ಲಿ ತೂಕ ಹೆಚ್ಚಿಲ್ಲದವರಿಗೂ ಹೊಟ್ಟೆಯ ಸುತ್ತ ಕೊಬ್ಬು ಕಟ್ಟುವ ಪ್ರವೃತ್ತಿ ಇದೆ. ಇದರ ಬೇರು ತಾಯಗರ್ಭದಲ್ಲೇ ಇದೆಯೆಂಬ ವಾದಕ್ಕೆ ಮೈಸೂರು ಒಂದು ಮುಖ್ಯ ಆಧಾರ ಒದಗಿಸಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆಗಳನ್ನು ಜೋಪಾನ ಮಾಡಿತ್ತು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಪರೀಕ್ಷಿಸಿದ ಸಂಶೋಧಕರು, ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಹೃದಯರೋಗ ಹೆಚ್ಚೆಂದು 1996ರಲ್ಲಿ ವರದಿ ಮಾಡಿದರು. ಕೊರತೆಯಲ್ಲಿ ಬೆಳೆದ ಕೂಸಿನ ದೇಹ ಮುಂದೆ ಹೇರಳವನ್ನು ಎದುರಿಸಲು ಸಿದ್ಧವಾಗಿರುವುದಿಲ್ಲ ಎಂಬುದು ಇಂಥ ಅಧ್ಯಯನಗಳ ಒಟ್ಟು ಅಭಿಪ್ರಾಯ.

ಹಬ್ಬ ಬಿಡದೆ ಹಿಡಿತ

ಹಾಗಾದರೆ ಚಳಿಗಾಲದಲ್ಲಿ ಅವರೆಕಾಳು, ಎಳ್ಳು-ಬೆಲ್ಲ ಬಿಟ್ಟು ಸೊಪ್ಪು ತಿಂದು ಕೂರಬೇಕೆ? ಖಂಡಿತ ಬೇಡ. ಹಸಿವನ್ನು ಹತ್ತಿಕ್ಕಿದವರು ಎರಡು ದಿನ ತಾಳಿ ಮೂರನೆಯ ದಿನ ಎರಡರಷ್ಟು ತಿನ್ನುವುದೇ ಹೆಚ್ಚು. ಮಾಡಬೇಕಾದುದು ಹೊಂದಾಣಿಕೆ. ಹಿತಕಿದ ಬೇಳೆಯ ಸಾರು ಗಟ್ಟಿಯಾಗಿದ್ದ ದಿನ ಮುದ್ದೆ ಚಿಕ್ಕದಾಗಲಿ. ಅವರೆಕಾಳಿನ ಉಪ್ಪಿಟ್ಟು ತಿಂದ ಬೆಳಿಗ್ಗೆ ಮಧ್ಯಾಹ್ನದ ಅನ್ನ ಕಡಿಮೆಯಾಗಲಿ. ಹಿತಕಿದಾಗ ಸಿಪ್ಪೆಯೊಂದಿಗೆ ನಾರಿನಂಶವೂ ಹೋಗುವುದರಿಂದ, ಇಡೀ ಕಾಳಿನ ಸಾರಿಗೂ ಸರದಿ ಸಿಗಲಿ. ಊಟಕ್ಕೆ ಮೊದಲು ಬಸ್ಸಾರು, ಹುರುಳಿ ಸಾರು ಅಥವಾ ಬಿಸಿ ಮೆಣಸಿನ ಸಾರು ಕುಡಿದರೆ ಹೊಟ್ಟೆಗೂ ಸಮಾಧಾನ, ಮೈಗೂ ಬೆಚ್ಚಗೆ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಪ್ರಚಾರ ಪೂರ್ತಿ ನಿಜವಲ್ಲ. ರಾಗಿಯಲ್ಲೂ ಮುಕ್ಕಾಲು ಪಾಲಿನಷ್ಟು ಪಿಷ್ಟವೇ. ಅದರ ನಾರು, ಸುಣ್ಣದ ಅಂಶ ಉತ್ತಮ. ಆದರೆ ಗಾತ್ರಕ್ಕೆ ಮಿತಿ ಬೇಕು.

ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ನಡೆಯುವುದು ವಾಗ್ಭಟನ ಗರಡಿಗೆ ಇಂದಿನ ಬದಲಿ. ಹೃದಯರೋಗ, ರಕ್ತದೊತ್ತಡ ಇರುವವರು ಮುಂಜಾವಿನ ಕೊರೆಯುವ ಚಳಿಯಲ್ಲಿ ಹೊರಡದೆ ಬಿಸಿಲೇರಿದ ಮೇಲೆ ಹೊರಡುವುದು ಕ್ಷೇಮ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡುವುದು, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಹಿಡಿಯುವುದು ಒಳ್ಳೆಯ ಅಭ್ಯಾಸ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಂಟೆ ಎಂದು ವೈದ್ಯರು ಹೇಳುತ್ತಾರೆ. ಇದ್ದಕ್ಕಿದ್ದಂತೆ ತೂಕ ಏರಿ, ಚಳಿ ತಡೆಯಲಾಗದೆ, ಸದಾ ಆಯಾಸವಾಗುತ್ತಿದ್ದರೆ ಅದನ್ನು ಋತುವಿನ ಮೇಲೆ ಹೊರಿಸದೆ ಥೈರಾಯಿಡ್ ಪರೀಕ್ಷೆ ಮಾಡಿಸಬೇಕು. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾದಶಿಯ ಉಪವಾಸವನ್ನಾಗಲೀ ರಾತ್ರಿಯೂಟ ಬಿಡುವ ಪ್ರಯೋಗವನ್ನಾಗಲೀ ಮಾಡುವಂತಿಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ತೂಕ ಇಳಿಸುವ ಮಾತು ಎಲ್ಲರಿಗೂ ಅನ್ವಯಿಸುವುದಿಲ್ಲ. ಬೆಳೆಯುವ ಮಕ್ಕಳು, ಗರ್ಭಿಣಿಯರು, ಬಾಣಂತಿಯರು, ಮೈಯಲ್ಲಿ ಕಸುವಿಲ್ಲದ ವೃದ್ಧರು, ಇಂದಿಗೂ ಕೂಲಿಯ ದಿನಕ್ಕಷ್ಟೇ ಹೊಟ್ಟೆ ತುಂಬ ಉಣ್ಣುವವರು ನಮ್ಮ ನಡುವೆ ಇದ್ದಾರೆ. ಅವರ ಪಾಲಿಗೆ ಸುಗ್ಗಿಯ ಊಟ ಈಗಲೂ ಮೈ ತುಂಬಿಸುವ ಊಟವೇ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಮನೆಯೊಡತಿಗೆ ಅವಮೌದರ್ಯದ ಉಪದೇಶ ಬೇಕಾಗಿಲ್ಲ. ಅವಳ ತಟ್ಟೆಗೆ ಇನ್ನೊಂದು ಸೌಟು ಕಾಳು ಬೀಳಬೇಕಾಗಿದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ಬಲ್ಲವನು ಎಂಬ ಪದಕ್ಕೆ ತೂಕ ಹೆಚ್ಚು. ಯಾವ ಕಾಲದಲ್ಲಿ, ಯಾವ ದುಡಿಮೆಗೆ, ಎಷ್ಟು ಉಣ್ಣಬೇಕೆಂದು ಬಲ್ಲವನು ಎಂದು ಅದರರ್ಥ. ಚಳಿಗಾಲದ ಹಸಿವು ಈ ನೆಲದ ಬೇಸಾಯದಷ್ಟೇ ಹಳೆಯದು, ನಾಚಿಕೆಪಡಬೇಕಾದ ದೌರ್ಬಲ್ಯವಲ್ಲ. ಅದಕ್ಕೆ ಉಣಿಸಲು ಚನ್ನರಾಯಪಟ್ಟಣದ ಸಂತೆಯಲ್ಲಿ ಸೊಗಡವರೆ ಇದೆ. ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ 13 ಕಿಲೋಮೀಟರ್ ಆಚೆಯ ಬೆಟ್ಟದಲ್ಲಿದೆ. ಎರಡೂ ಒಂದೇ ತಾಲ್ಲೂಕಿನವು.